ಪ್ರಾಸ ನುಂಗಿದ ಬೈಗುಳ

ನಮ್ಮ ಆಫೀಸಿನ ಲಂಡನ್ ಕಡೆಯ ಹಿರಿಯರೊಬ್ಬರಿದ್ದಾರೆ. ಬಲು ಮರ್ಯಾದಸ್ಥರು. ಮೊನ್ನೆ ವಿಡಿಯೊ ಮೀಟಿಂಗಿನಲ್ಲಿ ಮೈಕ್ ಆನ್ ಮಾಡದೆ ಐದು ನಿಮಿಷ ಮಾತಾಡಿದರು. ಗೊತ್ತಾದ ಮೇಲೆ ಹಣೆ ಚಚ್ಚಿಕೊಂಡು, ‘ನಾನೊಬ್ಬ ಬರ್ಕ್’ ಅಂದರು. ಪೆದ್ದ ಅಂತಿರಬೇಕು ಅಂದುಕೊಂಡೆ. ಅರ್ಥ ಅದೇ. ಸುಮ್ನೆ ಇರಲಾರದೆ ಅದರ ಹುಟ್ಟು ಕೆದಕಿದೆ ನೋಡಿ, ಕಿವಿ ಬಿಸಿಯಾಯಿತು.

ಪೂರ್ವ ಲಂಡನ್ನಿನ ಕಾಕ್ನಿ ಜನಕ್ಕೆ 19ನೇ ಶತಮಾನದಿಂದ ಒಂದು ಚಾಳಿ. ಹೇಳಬೇಕಾದ ಪದಕ್ಕೆ ಪ್ರಾಸವಾಗುವ ಜೋಡಿಪದ ಹುಡುಕುತ್ತಾರೆ. ಆಮೇಲೆ ಪ್ರಾಸವಿರುವ ತುದಿಯನ್ನೇ ನುಂಗಿಬಿಡುತ್ತಾರೆ! ‘ಹೆಡ್’ ಅನ್ನಬೇಕು, ಅದಕ್ಕೆ ‘ಲೋಫ್ ಆಫ್ ಬ್ರೆಡ್’. ಬ್ರೆಡ್ ನುಂಗಿದರೆ ಉಳಿಯುವುದು ಲೋಫ್. ‘ಲೋಫ್ ಉಪಯೋಗಿಸಯ್ಯಾ’ ಅಂದರೆ ತಲೆ ಓಡಿಸು ಅಂತ. ಹೊರಗಿನವರು ಪಿಳಿಪಿಳಿ ಕಣ್ಣು ಬಿಡಬೇಕು, ಅದೇ ಮಜ.

ಬರ್ಕ್ ಕೂಡ ಇದೇ ಅಡುಗೆ. ಗ್ಲಾಸ್ಟರ್‌ಶೈರ್‌ನಲ್ಲಿ ಬರ್ಕ್ಲಿ ಅನ್ನುವ ಊರು, ಅಲ್ಲೊಂದು ಹಳೇ ಕೋಟೆ. ನಾಯಿ ಹಿಂಡು ಬಿಟ್ಟು ನರಿ ಅಟ್ಟುತ್ತಿದ್ದ ಅಲ್ಲಿನ ದೊಡ್ಡವರ ಬೇಟೆಗೆ ‘ಬರ್ಕ್ಲಿ ಹಂಟ್’ ಅಂತ ಹೆಸರು. ಬರ್ಕ್‌ಶೈರ್ ಹಂಟ್ ಅನ್ನುವವರೂ ಇದ್ದಾರೆ. ಯಾವುದಾದರೂ ಆಗಲಿ, ‘ಹಂಟ್’ಗೆ ಪ್ರಾಸವಾಗಿ, ಕಕಾರದಿಂದ ಶುರುವಾಗಿ, ಹೆಂಗಸರ ಗುಪ್ತಾಂಗವನ್ನು ಹೇಳುವ ಪದವೊಂದಿದೆ. ಇಂಗ್ಲಿಷಿನ ಅತಿ ಕೊಳಕು ಬೈಗುಳಗಳಲ್ಲಿ ಅದೂ ಒಂದು. (ಪೂರ್ತಿ ಹೇಳದೆ ನಾನೂ ನುಂಗಿದೆ, ಅಲ್ವಾ?) ಹಂಟ್ ಬಿತ್ತು, ಬರ್ಕ್ ಉಳಿಯಿತು. 1930ರ ದಶಕದ ಹೊತ್ತಿಗೆ ಅಚ್ಚಿಗೂ ಬಂತು. ತಮಾಷೆ ಅಂದರೆ ಊರಿನ ಹೆಸರನ್ನು ಇಂಗ್ಲಿಷರು ‘ಬಾರ್ಕ್ಲಿ’ ಅನ್ನುತ್ತಾರೆ, ಬೈಗುಳ ಮಾತ್ರ ಬರ್ಕ್. ಪಾಪ, ಆ ಬೇಟೆಯವರು ಮಾಡಿದ ತಪ್ಪಾದರೂ ಏನು? ಪ್ರಾಸಕ್ಕೆ ಸಿಕ್ಕರು, ಅಷ್ಟೇ.

ಬಚ್ಚಿಟ್ಟಿದ್ದು ಎಷ್ಟು ಜಾಸ್ತಿಯಾಯಿತೆಂದರೆ, ಆ ಕಕಾರದ ಪದ ಕೇಳಿದರೆ ಎದ್ದು ಹೋಗುವವರೂ ಟೀ ಕುಡಿಯುತ್ತಾ ಬರ್ಕ್ ಅನ್ನುತ್ತಾರೆ. ನಮ್ಮಲ್ಲಿ ಬಚ್ಚಿಡುವ ಗೋಜೂ ಇಲ್ಲ. ನಮ್ಮಜ್ಜಿ ತುಪ್ಪ ಬಡಿಸುತ್ತಾ, ‘ತಿನ್ನೋ ಮುಂಡೇದೇ, ಆರಿಹೋಗತ್ತೆ’ ಅನ್ನುತ್ತಿದ್ದಳು. ಮುಂಡೆ ಅಂದರೆ ಏನು ಅಂತ ನನಗೆ ಹೊಳೆದದ್ದು ಕಾಲೇಜು ಸೇರಿದ ಮೇಲೆ. ಅಲ್ಲಿಯವರೆಗೆ ಅದು ತುಪ್ಪದ ಜೊತೆ ಬರುವ ಮಾತು.

ಲಂಡನ್ನಿನ ಹಿರಿಯರಿಗೆ ಇದನ್ನೆಲ್ಲ ಹೇಳಬೇಕು ಅಂದುಕೊಂಡಿದ್ದೆ. ನಿನ್ನೆ ಮತ್ತೆ ಮೈಕ್ ಮರೆತರು, ಮತ್ತೆ ‘ಬರ್ಕ್’ ಅಂದರು. ನಾನು ನನ್ನ ಮೈಕ್ ಆಫ್ ಮಾಡಿಕೊಂಡು ನಕ್ಕೆ.