ಕ್ಯಾಟಲಾಗ್ ಕಡತದೊಂದಿಗೆ ಫೋಟೊಗಳೂ ಬರುತ್ತವೆಯೇ: ಸ್ಪಷ್ಟನೆ

ಫೋಟೊಗಳನ್ನು ತಿದ್ದಲು, ಜೋಡಿಸಿಡಲು ಬಳಸುವ ತಂತ್ರಾಂಶವಾದ ಅಡೋಬಿ ಲೈಟ್‌ರೂಮ್ ಕ್ಲಾಸಿಕ್‌ನ ಕ್ಯಾಟಲಾಗ್ ಕಡತವೊಂದನ್ನು ಹೊಸ ಕಂಪ್ಯೂಟರಿಗೆ ನಕಲಿಸಿದರೆ ಫೋಟೊಗಳೆಲ್ಲ ಅದರೊಂದಿಗೇ ಬರುತ್ತವೆ, ಬಳಿಕ ಹಳೆಯ ಡಿಸ್ಕನ್ನು ಅಳಿಸಬಹುದು ಎಂಬ ಸಂದೇಶವೊಂದು ಮಡಿಕೇರಿ, ವಿರಾಜಪೇಟೆಯ ಛಾಯಾಗ್ರಾಹಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಕ್ಯಾಟಲಾಗಿನಲ್ಲಿರುವುದು ಪ್ರತಿ ಚಿತ್ರ ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸ, ಅದಕ್ಕೆ ಮಾಡಿದ ತಿದ್ದುಪಡಿಗಳು, ಕೊಟ್ಟ ರೇಟಿಂಗ್ ಮತ್ತು ಕೀವರ್ಡ್‌ಗಳಂಥ ಮಾಹಿತಿ ಮಾತ್ರ, ಚಿತ್ರಗಳಲ್ಲ. ಕಾಫಿ ಗೋದಾಮಿನ ದಾಸ್ತಾನು ಪುಸ್ತಕವನ್ನು ಒಯ್ದರೆ ಮೂಟೆಗಳು ಹಿಂಬಾಲಿಸಿ ಬರುವುದಿಲ್ಲವಷ್ಟೆ.

ಆದ್ದರಿಂದ ಲೈಟ್‌ರೂಮನ್ನು ಮುಚ್ಚಿದ ಬಳಿಕ ಕ್ಯಾಟಲಾಗ್ ಇರುವ ಫೋಲ್ಡರನ್ನು ಇಡಿಯಾಗಿಯೂ (2021ರ 11ನೇ ಆವೃತ್ತಿಯಿಂದೀಚೆಗೆ ಮಾಸ್ಕ್‌ಗಳ, ಅಂದರೆ ಚಿತ್ರದ ಒಂದು ಭಾಗವನ್ನಷ್ಟೇ ತಿದ್ದಲು ಮಾಡಿದ ಗುರುತುಗಳ, ಮಾಹಿತಿ ಪಕ್ಕದ ಪ್ರತ್ಯೇಕ ಕಡತದಲ್ಲಿರುವುದರಿಂದ ಅದನ್ನು ಬಿಡುವಂತಿಲ್ಲ), ಮೂಲಚಿತ್ರಗಳ ಫೋಲ್ಡರುಗಳನ್ನು ಅವುಗಳ ಒಳರಚನೆ ಕದಲದಂತೆಯೂ ನಕಲಿಸಬೇಕು. ಹೊಸ ಯಂತ್ರದಲ್ಲಿ ಫೋಲ್ಡರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ. ವಿಳಾಸ ಬದಲಾಗಿದೆ ಎಂದಷ್ಟೇ ಅದರರ್ಥ, ರೈಟ್ ಕ್ಲಿಕ್ ಮಾಡಿ 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಮೂಲಕ ಹೊಸ ಜಾಗವನ್ನು ತೋರಿಸಿದರೆ ಸರಿಯಾಗುತ್ತದೆ.

ತಿದ್ದುಪಡಿಗಳನ್ನು ಚಿತ್ರದ ಪಕ್ಕದಲ್ಲೇ ಬರೆದಿಡುವ ಎಕ್ಸ್‌ಎಂಪಿ ಕಡತಗಳಿದ್ದರೆ ಕ್ಯಾಟಲಾಗೇ ಬೇಡ ಎಂಬ ಅದೇ ಸಂದೇಶದ ಇನ್ನೊಂದು ಮಾತು ಅರ್ಧಸತ್ಯ. ತಿದ್ದುಪಡಿಗಳು ಅವುಗಳಲ್ಲಿ ಉಳಿದರೂ ಕಲೆಕ್ಷನ್‌ಗಳು (ಆರಿಸಿದ ಚಿತ್ರಗಳ ಗುಂಪುಗಳು), ವರ್ಚುವಲ್ ಕಾಪಿಗಳು (ಕಡತವನ್ನು ನಕಲಿಸದೆ ಅದೇ ಚಿತ್ರಕ್ಕೆ ಮಾಡಿದ ಬೇರೆ ತಿದ್ದುಪಡಿಯ ರೂಪಗಳು) ಉಳಿಯುವುದಿಲ್ಲ. ಮದುವೆ ಆಲ್ಬಮ್ಮಿನ ಆಯ್ಕೆಯನ್ನು ಕಲೆಕ್ಷನ್ನಿನಲ್ಲೇ ಇಟ್ಟುಕೊಳ್ಳುವವರಿಗೆ ಇದು ಸಣ್ಣ ನಷ್ಟವಲ್ಲ. ಪರದೆಯಲ್ಲಿ ಬೇಗ ತೋರಿಸಲೆಂದು ಲೈಟ್‌ರೂಮ್ ಮಾಡಿಕೊಳ್ಳುವ ಪ್ರಿವ್ಯೂ ಕಡತಗಳು ಬಿಟ್ಟುಹೋದರೆ ಚಿಂತೆಯಿಲ್ಲ, ಮೂಲಚಿತ್ರಗಳಿಂದ ಅವು ಮತ್ತೆ ತಯಾರಾಗುತ್ತವೆ.