ದೋಷ ಹುಡುಕುವ ಸುವರ್ಣಾವಕಾಶ

ಶಿಕ್ಷಕರಿಗೆ ಮತ್ತೊಂದು ಸುವರ್ಣಾವಕಾಶ ಬಂದಿದೆ. ಮಕ್ಕಳಿಗೆ ಗಣಿತ ಕಲಿಸುವ ತಂತ್ರಾಂಶವೊಂದು ಸದ್ಯದಲ್ಲೇ ಬಿಡುಗಡೆಯಾಗಲಿದ್ದು, ಅದಕ್ಕೂ ಮುಂಚೆ ತರಗತಿಯಲ್ಲಿ ಬಳಸಿ ದೋಷ ಹುಡುಕಿಕೊಡುವ ಸ್ವಯಂಸೇವಕರು ಬೇಕಂತೆ. ಸಂಬಳವಿಲ್ಲ, ಪ್ರಮಾಣಪತ್ರವುಂಟು; ಅದರಲ್ಲಿ ಹೆಸರನ್ನು ನಾವೇ ತುಂಬಿ ನಾವೇ ಮುದ್ರಿಸಿಕೊಳ್ಳಬೇಕು. 'ಶಿಕ್ಷಣ ಕ್ರಾಂತಿಯ ಪಾಲುದಾರರಾಗಿ' ಎಂಬ ಸಾಲಂತೂ ಇದ್ದೇ ಇದೆ. ಪಾಲು ದುಡಿಮೆಯಲ್ಲಿ ಮಾತ್ರ ಎಂಬುದನ್ನು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕೊನೆಗೆ ಸೇರಿಸಿದ್ದಾರೆ.

ಪುಕ್ಕಟೆಯಾಗಿ ಕೊಡುತ್ತಿರುವುದೇ ದೊಡ್ಡ ಔದಾರ್ಯವೆನ್ನಿ. 2000ದ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕಂಪನಿ ತನ್ನ ಗಣಕಗಳನ್ನು ನಡೆಸುವ ಮ್ಯಾಕ್ ಒಎಸ್ ಟೆನ್ ತಂತ್ರಾಂಶದ ಬೀಟಾ ಆವೃತ್ತಿಯನ್ನು, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯನ್ನು, 29.95 ಡಾಲರಿಗೆ ಮಾರಿತ್ತು. ಜನ ದುಡ್ಡು ಕೊಟ್ಟು ದೋಷ ಹುಡುಕಿದರು. ಜಿಮೇಲ್ 2004ರಿಂದ 2009ರವರೆಗೂ ಬೀಟಾ ಎಂಬ ಹಣೆಪಟ್ಟಿ ಹೊತ್ತೇ ಓಡಾಡಿತು. ಐದು ವರ್ಷ ಒಂದೇ ತರಗತಿಯಲ್ಲಿ ಕುಳಿತರೂ ಯಾರೂ ದಡ್ಡ ಎನ್ನಲಿಲ್ಲ.

ಡೊನಾಲ್ಡ್ ಕನೂತ್ ಎಂಬ ಗಣಕ ವಿಜ್ಞಾನಿಗೆ ಮಾತ್ರ ಈ ವ್ಯವಹಾರ ಜ್ಞಾನ ಇರಲಿಲ್ಲ. ತಮ್ಮ ಪುಸ್ತಕದಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರಿನ ಚೆಕ್ ಬರೆದು ಕಳುಹಿಸುತ್ತಿದ್ದರು. ಹತ್ತರ ಬದಲು ಹದಿನಾರರ ಗುಂಪಿನಲ್ಲಿ ಎಣಿಸುವ ಗಣಕದವರ ಲೆಕ್ಕದಲ್ಲಿ 256ನ್ನು 100 ಎಂದು ಬರೆಯುತ್ತಾರೆ; ಹಾಗಾಗಿ 256 ಸೆಂಟೆಂದರೆ ಒಂದು ಡಾಲರಂತೆ! ಪುಸ್ತಕದ ಪುಟಗಳನ್ನು ಅಚ್ಚಿಗೆ ಜೋಡಿಸುವ ತಮ್ಮ 'ಟೆಕ್' ತಂತ್ರಾಂಶದ ದೋಷಕ್ಕೆ ಬಹುಮಾನವನ್ನು ವರ್ಷ ವರ್ಷ ದುಪ್ಪಟ್ಟು ಮಾಡುತ್ತ ಹೋಗಿ 327.68 ಡಾಲರಿಗೆ ನಿಲ್ಲಿಸಿದರು. ಚೆಕ್ ಪಡೆದ ಅನೇಕರು ಅದನ್ನು ಬ್ಯಾಂಕಿಗೆ ಒಯ್ಯದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಪಾಪ, ಸ್ವಯಂಸೇವಕರ ಗುಂಪೊಂದನ್ನು ಕಟ್ಟಿಕೊಂಡಿದ್ದರೆ ಎಷ್ಟು ಖರ್ಚು ಉಳಿಯುತ್ತಿತ್ತು!

ಇರಲಿ, ನಮ್ಮ ತಂತ್ರಾಂಶಕ್ಕೆ ಬರೋಣ. 'ಅರ್ಧವನ್ನು ಭಿನ್ನರಾಶಿಯಲ್ಲಿ ಬರೆಯಿರಿ' ಎಂದು ಕೇಳುತ್ತದೆ. ಮಗು 2/4 ಎಂದು ಒತ್ತಿದರೆ ಕೆಂಪು ಗುರುತು, ಜೊತೆಗೆ ಅಳುವ ಗೊಂಬೆ. 1/2 ಎಂದೇ ಬರೆದರೂ ಅದರ ಮುಂದೆ ಕೈತಪ್ಪಿ ಒಂದು ಖಾಲಿ ಜಾಗ ಬಿದ್ದರೆ ಮತ್ತೆ ಅದೇ ಗೊಂಬೆ. ದೂರು ಕಳುಹಿಸಿದರೆ 'ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ. ಯಾವ ಬ್ರೌಸರ್, ಯಾವ ಆವೃತ್ತಿ, ಪರದೆಯ ಚಿತ್ರ ಲಗತ್ತಿಸಿ' ಎಂಬ ಉತ್ತರ. ಎಲ್ಲವನ್ನೂ ಲಗತ್ತಿಸಿದರೆ 'ನಮ್ಮಲ್ಲಿ ಈ ಸಮಸ್ಯೆ ಕಾಣಿಸುತ್ತಿಲ್ಲ' ಎಂದು ದೂರನ್ನು ಮುಚ್ಚುತ್ತಾರೆ. ಸುಧಾರಣೆ ಆಗಿಯೇ ಇಲ್ಲವೆಂದಲ್ಲ. ಹೊಸ ಆವೃತ್ತಿಯಲ್ಲಿ ಗೊಂಬೆಯ ಕಣ್ಣೀರು ಮೊದಲಿಗಿಂತ ನಯವಾಗಿ ಇಳಿಯುತ್ತದೆ.

ನಗುವುದಕ್ಕೂ ಒಂದು ಮಿತಿಯಿದೆ. ಅರ್ಜಿ ತುಂಬಿದವರು ಶಿಕ್ಷಕರು, ಪ್ರಯೋಗಕ್ಕೆ ಕುಳಿತವರು ಮಕ್ಕಳು. ಅವರನ್ನು ಕೇಳಿದವರು ಯಾರು? ಸರಿಯಾದ ಉತ್ತರ ಬರೆದು ತಪ್ಪೆನಿಸಿಕೊಂಡ ಮಗುವಿಗೆ ಬೀಟಾ ಆವೃತ್ತಿಯ ಸಂಗತಿ ಗೊತ್ತಿಲ್ಲ. ತನಗೆ ಗಣಿತ ಬರುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತದೆ. ಅದು ಎಲ್ಲಿ ತಡವರಿಸಿತು, ಎಷ್ಟು ಹೊತ್ತು ಯೋಚಿಸಿತು ಎಂಬುದೆಲ್ಲ ಕಂಪನಿಯ ಸರ್ವರ್ ಸೇರುತ್ತದೆ. ಅಂಕ ಏಕೆ ಕಡಿಮೆಯಾಯಿತೆಂದು ತಾಯಿ ಬಂದು ಕೇಳಿದರೆ ಶಿಕ್ಷಕರು ಬಾಯಿ ಬಿಡುವಂತಿಲ್ಲ. ದೋಷಗಳ ವಿಷಯ ಹೊರಗೆ ಹೇಳುವುದಿಲ್ಲವೆಂದು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟಿದ್ದಾರೆ. ಕಲಿಯುವ ವಯಸ್ಸಿನ ಒಂದು ವರ್ಷ ಹೀಗೆ ಹೋದರೆ ಅದನ್ನು ಯಾವ ಆವೃತ್ತಿಯಲ್ಲಿ ಸರಿಪಡಿಸಿ ಕೊಡುತ್ತಾರೆ?

ತಂತ್ರಾಂಶ ಬಿಡುಗಡೆಯಾದ ಮೇಲೆ ಅದೇ ಶಾಲೆಗಳು ಚಂದಾ ಕಟ್ಟಬೇಕಂತೆ. ದೋಷ ಹುಡುಕಿಕೊಟ್ಟವರಿಗೆ ಮೊದಲ ತಿಂಗಳು ರಿಯಾಯಿತಿ.