ಎಪಿಪಿ ಪೊಲೀಸರ ವಕೀಲರಲ್ಲ, ನಿಮ್ಮ ವಕೀಲರೂ ಅಲ್ಲ

ಕೋರ್ಟಿನ ಮೆಟ್ಟಿಲು ಹತ್ತಿದ ದೂರುದಾರರು ಮೊದಲು ಎಡವುವುದೇ ಇಲ್ಲಿ. ಸಹಾಯಕ ಸರ್ಕಾರಿ ಅಭಿಯೋಜಕರು, ಅಂದರೆ ಎಪಿಪಿ, ತಮ್ಮ ವಕೀಲರು ಅಂದುಕೊಳ್ಳುತ್ತಾರೆ. ಪೊಲೀಸರೋ, ಠಾಣೆಯ ವಕೀಲರು ಅನ್ನುವ ಹಾಗೆ ನಡೆದುಕೊಳ್ಳುತ್ತಾರೆ. ಎಪಿಪಿ ನಿಂತಿರುವುದು ರಾಜ್ಯದ ಪರ. ಆರೋಪಿಗೆ ಅನುಕೂಲವಾಗುವ ದಾಖಲೆ ಕಡತದಲ್ಲಿದ್ದರೆ ಅದನ್ನೂ ಮುಚ್ಚಿಡುವಂತಿಲ್ಲ.

ಕೇಸು ಖುಲಾಸೆಯಾದರೆ "ಎಪಿಪಿ ಸರಿಯಾಗಿ ವಾದ ಮಾಡಲಿಲ್ಲ" ಎಂಬ ಮಾತು ಮಾಮೂಲು. ನನ್ನ ಪ್ರಕಾರ ಎಷ್ಟೋ ಕೇಸುಗಳು ಸೋಲುವುದು ವಾದಕ್ಕೆ ಮುಂಚೆಯೇ, ಕಡತದಲ್ಲಿ. ವಸ್ತು ವಶಪಡಿಸಿಕೊಂಡಾಗ ಬರೆಯುವ ಮಹಜರಿನಲ್ಲಿ ಮೊಹರಿನ ಅಕ್ಷರ ಒಂದು, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋದ ಪೊಟ್ಟಣದ ಮೇಲಿನದು ಇನ್ನೊಂದು. ಮಹಜರು ನಡೆದ ಸ್ಥಳ ತೋಟದ ಮನೆ ಎಂದಿದೆ, ಮಹಜರಿನ ಸಾಕ್ಷಿಗಳಾದ ಪಂಚರು ಸಹಿ ಹಾಕಿದ್ದು ಠಾಣೆಯಲ್ಲಿ. ಪಾಟೀಸವಾಲಿನ ಎರಡನೇ ಪ್ರಶ್ನೆಗೇ ಬಯಲು. ಸಿಸಿಟಿವಿ ದೃಶ್ಯ ಪೆನ್‌ಡ್ರೈವ್‌ನಲ್ಲಿ ಬಂದಿರುತ್ತದೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರಂತೆ ಡಿಜಿಟಲ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರ ಇರುವುದಿಲ್ಲ. ಇದ್ದರೂ ಭಾಗ 'ಎ' ಮಾತ್ರ. ತಜ್ಞರು ತುಂಬಬೇಕಾದ ಭಾಗ 'ಬಿ' ಖಾಲಿ, ಕಡತ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯದ ಜಾಗದಲ್ಲಿ ಒಂದು ಗೀಟು. ಆರೋಪಿ ಜೈಲಿನಲ್ಲಿದ್ದರೆ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಬರಬೇಕು, ತಪ್ಪಿದರೆ ಜಾಮೀನು ಅವನ ಹಕ್ಕು. 58ನೇ ದಿನ ಕೂತು ಬರೆದ ಆರೋಪಪಟ್ಟಿಯ ಅವಸರ ಓದುವಾಗಲೇ ಗೊತ್ತಾಗುತ್ತದೆ.

ಹಾಗಾದರೆ ಎಪಿಪಿ ಮೊದಲೇ ನೋಡಬಾರದೇ? ತೊಡಕಿರುವುದು ಇಲ್ಲೇ. ಆರೋಪಪಟ್ಟಿಗೆ ಮುನ್ನ ಸರ್ಕಾರಿ ಅಭಿಯೋಜಕರ ಅಭಿಪ್ರಾಯ ಪಡೆಯಿರಿ ಎಂದು ಕೋರ್ಟು ತನಿಖಾಧಿಕಾರಿಗೆ ಆದೇಶಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ರ ಆರ್. ಸರಳಾ ಪ್ರಕರಣದಲ್ಲೇ ಹೇಳಿದೆ. ತನಿಖೆ ಬೇರೆ, ಅಭಿಯೋಜನೆ ಬೇರೆ. ಆ ಗೆರೆ ಬೇಕು, ಒಪ್ಪುತ್ತೇನೆ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 20ನೇ ಕಲಂ ಓದಿ ನೋಡಿ. ಪೊಲೀಸ್ ವರದಿಯನ್ನು, ಅಂದರೆ ಆರೋಪಪಟ್ಟಿಯನ್ನು, "ಪರಿಶೀಲಿಸುವ" ಕೆಲಸ ಅಭಿಯೋಜನಾ ನಿರ್ದೇಶನಾಲಯದ ಉಪ ನಿರ್ದೇಶಕರಿಗೆ, ಅದೂ 7 ವರ್ಷದಿಂದ 10 ವರ್ಷದೊಳಗಿನ ಶಿಕ್ಷೆಯ ಕೇಸುಗಳಿಗೆ. 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯವಕ್ಕೆ ಸಹಾಯಕ ನಿರ್ದೇಶಕರ ಬರೀ ಮೇಲ್ವಿಚಾರಣೆ. ಹೊಡೆದಾಟ, ಕಳವಿನಂಥ ದಿನನಿತ್ಯದ ಕೇಸುಗಳಲ್ಲಿ ಬಹುತೇಕ ಬೀಳುವುದು ಈ ಕೊನೆಯ ಬುಟ್ಟಿಗೇ. ತನಿಖಾಧಿಕಾರಿ ತಾನಾಗಿ ಬಂದು ಕೇಳಿದರೆ ಅಡ್ಡಿಯೇನಿಲ್ಲ. ಕೇಳುವವರು ಕಡಿಮೆ.

ಸಾಕ್ಷಿ ಹೇಳುವವರಿಗೆ ಒಂದು ಮಾತು: ಸಮನ್ಸ್‌ನಲ್ಲಿ ಹೇಳಿದ ದಿನ ಕಲಾಪಕ್ಕೆ ಅರ್ಧ ಗಂಟೆ ಮೊದಲೇ ಎಪಿಪಿ ಕಚೇರಿಗೆ ಹೋಗಿ. ಏನು ಕೇಳಬಹುದು, ಯಾವ ವಸ್ತು ಗುರುತಿಸಬೇಕು ಎಂದು ತಿಳಿಯುತ್ತದೆ. ಏನು ಹೇಳಬೇಕೆಂದು ಅವರು ಕಲಿಸಿಕೊಡುವಂತಿಲ್ಲ, ನೀವು ಕೇಳಲೂ ಬಾರದು. ಸಾಕ್ಷಿ ತಿರುಗಿಬಿದ್ದರೆ ಕೋರ್ಟಿನ ಅನುಮತಿ ಪಡೆದು ಎಪಿಪಿಯೇ ಪಾಟೀಸವಾಲು ಮಾಡುತ್ತಾರೆ. ಅಷ್ಟಕ್ಕೇ ಆ ಸಾಕ್ಷ್ಯವೆಲ್ಲ ಕಸವಾಗದು. ನಂಬಲರ್ಹ ಭಾಗವನ್ನು ಕೋರ್ಟು ಬಳಸಬಹುದು.

ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದೇ ಅಂದರೆ, ಕೋರ್ಟು ಒಪ್ಪಿದರೆ ಅಭಿಯೋಜನೆಗೆ ನೆರವಾಗಲು ಇಟ್ಟುಕೊಳ್ಳಬಹುದು. ಸರ್ಕಾರ ಕೇಸು ವಾಪಸ್ ಪಡೆಯಲು ಹೊರಟರೆ ಸಂತ್ರಸ್ತರ ಮಾತು ಕೇಳದೆ ಕೋರ್ಟು ಅನುಮತಿಸುವಂತಿಲ್ಲ, ಬಿಎನ್‌ಎಸ್‌ಎಸ್ ಕಲಂ 360 ನೋಡಿ. ಖುಲಾಸೆಯಾದ ಮೇಲೆ ಸರ್ಕಾರದ ಮೇಲ್ಮನವಿಗೆ ಕಾಯುತ್ತ ಅವಧಿ ಕಳೆದುಕೊಳ್ಳಬೇಡಿ. ಅದರದೇ ಕಲಂ 413ರಂತೆ ಸಂತ್ರಸ್ತರೇ ಮೇಲ್ಮನವಿ ಹಾಕಬಹುದು. ತೀರ್ಪಿನ ದೃಢೀಕೃತ ನಕಲಿಗೆ ಅಂದೇ ಅರ್ಜಿ ಕೊಡಿ.